ಗಾಲಿಯ ತೂಕ, ದಾರಿಯ ಗುಣ

ಬೀಸುಕಲ್ಲಿನ ಮೇಲಿನ ಕಲ್ಲು ಹಗುರವಾಗಿದ್ದರೆ ಜೋಳದ ಹಿಟ್ಟು ನುಣ್ಣಗೆ ಬೀಳುವುದಿಲ್ಲ, ತೀರ ಭಾರವಾಗಿದ್ದರೆ ಬೀಸುವವರ ರಟ್ಟೆ ಸೋಲುತ್ತದೆ. ಕಾಳಿನ ಗುಣಕ್ಕೂ ಕೈಯ ಕಸುವಿಗೂ ಹೊಂದುವ ತೂಕ ದೊರೆತಾಗ ಮಾತ್ರ ಕಲ್ಲು ತಾನಾಗಿ ತಿರುಗುತ್ತಿದೆಯೇನೋ ಎಂಬಷ್ಟು ಸಲೀಸಾಗಿ ಕೆಲಸ ಸಾಗುತ್ತದೆ. ಕುಂಬಾರನ ತಿಗರಿಯೂ ಇದೇ ತತ್ವವನ್ನು ಅವಲಂಬಿಸಿದೆ, ಏಕೆಂದರೆ ಕೋಲಿನಿಂದ ಒಮ್ಮೆ ಜೋರಾಗಿ ತಿರುವಿದ ಆ ಭಾರದ ಚಕ್ರವು ಗಡಿಗೆಯ ಕಂಠ ಮೂಡುವವರೆಗೂ ಪಡೆದ ವೇಗವನ್ನು ಕಾಪಾಡಿಕೊಳ್ಳುತ್ತದೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ಇಂದು ಬೀಸುಕಲ್ಲು ಮೂಲೆ ಸೇರಿರಬಹುದು, ಆದರೆ ಅದು ಕಲಿಸಿದ ವಿವೇಕವು ಅಂಗಳದಲ್ಲಿ ನಿಂತ ಟರ್ಬೊ ಕಾರಿನ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡ ಒಂದು ಕಬ್ಬಿಣದ ತಟ್ಟೆಯಲ್ಲಿ ಉಳಿದಿದೆ. ಆ ತಟ್ಟೆಯೇ ಫ್ಲೈವೀಲ್. ಅದರ ತೂಕ ಎಷ್ಟಿರಬೇಕೆಂದು ನಿರ್ಧರಿಸುವುದು ಎಂಜಿನ್ ಬಲ್ಲವರಿಗೆ ದೊರೆಯುವ ಅತ್ಯಂತ ರುಚಿಕಟ್ಟಾದ ಚಿಂತನೆಗಳಲ್ಲಿ ಒಂದು.

ಎಂಜಿನ್ನಿನೊಳಗೆ ಇಂಧನ ಉರಿಯುವುದು ಬಿಟ್ಟು ಬಿಟ್ಟು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರ್ ಗಾಳಿಯನ್ನು ಒಳಗೆಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರದೂಡುವಷ್ಟರಲ್ಲಿ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ದಂಡ, ಎರಡು ಸುತ್ತು ತಿರುಗಿರುತ್ತದೆ. ಈ ನಾಲ್ಕು ಹೊಡೆತಗಳಲ್ಲಿ ದುಡಿಯುವುದು ಒಂದೇ, ಉಳಿದ ಮೂರು ಆ ಒಂದರ ಗಳಿಕೆಯಲ್ಲಿ ಬದುಕುತ್ತವೆ. ಗಳಿಸಿದ ಕ್ಷಣದಲ್ಲಿ ಕೂಡಿಟ್ಟು ಗಳಿಕೆಯಿಲ್ಲದ ಕ್ಷಣದಲ್ಲಿ ಹಂಚುವ ಕಣಜವೇ ಫ್ಲೈವೀಲ್. ಹಿಟ್ಟಿನ ಗಿರಣಿಗಳಲ್ಲಿ ಮತ್ತು ಬಾವಿಯ ದಂಡೆಗಳಲ್ಲಿ ಬಹುಕಾಲ ದುಡಿದ ಒಂಟಿ ಸಿಲಿಂಡರಿನ ಆಯಿಲ್ ಎಂಜಿನ್ನುಗಳಿಗೆ ಭಾರಿ ಗಾಲಿಗಳನ್ನು ತೊಡಿಸುತ್ತಿದ್ದುದು ಅಲಂಕಾರಕ್ಕಲ್ಲ, ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುವ ಎಂಜಿನ್ನು ನಡುವಿನ ಬರಗಾಲವನ್ನು ದಾಟಬೇಕಾಗಿದ್ದುದರಿಂದ. ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಉರಿಯುವುದರಿಂದ ಅಷ್ಟು ದೊಡ್ಡ ಕಣಜ ಬೇಕಾಗುವುದಿಲ್ಲ; ಅಂಗೈಯಗಲದ ಎರಡರಷ್ಟೋ ಮೂರರಷ್ಟೋ ಇರುವ ಒಂದು ತಟ್ಟೆ ಸಾಕು. ಎಷ್ಟು ತೂಕದ ತಟ್ಟೆ ಎಂಬಲ್ಲಿಂದ ವಿಚಾರ ಶುರುವಾಗುತ್ತದೆ.

ಲೆಕ್ಕದ ಅನುಕೂಲಕ್ಕಾಗಿ 28 ಸೆಂಟಿಮೀಟರ್ ವ್ಯಾಸದ, ಎಲ್ಲೆಡೆ ಒಂದೇ ದಪ್ಪವಿರುವ, 8 ಕಿಲೋ ತೂಕದ ಫ್ಲೈವೀಲೊಂದನ್ನು ಎದುರಿಗಿಟ್ಟುಕೊಳ್ಳಬಹುದು. ಅದು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ತನ್ನಲ್ಲಿ ಹಿಡಿದಿಟ್ಟುಕೊಂಡ ಶಕ್ತಿಯಿಂದ ನೂರು ಕಿಲೋದ ಒಂದು ಕಡಲೆ ಚೀಲವನ್ನು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ, ಎಂದರೆ ಮಾಳಿಗೆಯ ಮೇಲಕ್ಕೆ, ಏರಿಸಬಹುದು. ಅದೇ ಫ್ಲೈವೀಲ್ 1,000 ಸುತ್ತಿನಲ್ಲಿದ್ದರೆ ಅದೇ ಚೀಲವು ಮೊಣಕಾಲಿನ ಮಟ್ಟವನ್ನೂ ದಾಟುವುದಿಲ್ಲ, ಏಕೆಂದರೆ ಸಂಗ್ರಹವಾಗುವ ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ವೇಗ ಮೂರರಲ್ಲೊಂದು ಪಾಲಾದಾಗ ಶಕ್ತಿ ಒಂಬತ್ತರಲ್ಲೊಂದು ಪಾಲಾಗುತ್ತದೆ. ನಿಂತ ಗಾಡಿ ಹೊರಡುವುದು ಈ ಬಡ ಸುತ್ತುಗಳಲ್ಲೇ. ಆದ್ದರಿಂದ ಫ್ಲೈವೀಲಿನ ತೂಕವನ್ನು 5 ಕಿಲೋಕ್ಕೆ ಇಳಿಸಿದರೆ ಕಣಜವು ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿಯೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬರಿದಾಗಿರುತ್ತದೆ.

ಹಾಗಿದ್ದರೂ ಹಗುರ ಮಾಡುವ ಆಸೆ ಅಕಾರಣವಾದುದಲ್ಲ. ಎಕ್ಸಿಲರೇಟರ್ ಒತ್ತಿದಾಗ ಎಂಜಿನ್ನು ಕಾರನ್ನು ಮಾತ್ರವಲ್ಲದೆ ತನ್ನ ಫ್ಲೈವೀಲನ್ನೂ ವೇಗಕ್ಕೆ ಏರಿಸಬೇಕಾಗುತ್ತದೆ, ಮತ್ತು ಈ ಹೆಚ್ಚುವರಿ ಹೊರೆ ಗೇರಿನಿಂದ ಗೇರಿಗೆ ಬೆರಗು ಹುಟ್ಟಿಸುವಷ್ಟು ಬದಲಾಗುತ್ತದೆ. ಮೊದಲ ಗೇರಿನಲ್ಲಿ ಚಕ್ರವು ಒಂದು ಸುತ್ತು ತಿರುಗಲು ಎಂಜಿನ್ನು 14 ಸುತ್ತು ತಿರುಗುವ, ಐದನೆಯ ಗೇರಿನಲ್ಲಿ 3 ಸುತ್ತು ತಿರುಗುವ, ಟೈರಿನ ತ್ರಿಜ್ಯ 30 ಸೆಂಟಿಮೀಟರ್ ಇರುವ ಕಾರಿನಲ್ಲಿ ಮೇಲೆ ಹೇಳಿದ ಫ್ಲೈವೀಲಿನಿಂದ 3 ಕಿಲೋ ಕಳೆದರೆ, ಮೊದಲ ಗೇರಿನಲ್ಲಿ ವೇಗವೇರುವಾಗ ಕಾರಿನಿಂದ ಸುಮಾರು 64 ಕಿಲೋದ ಒಬ್ಬ ಪ್ರಯಾಣಿಕ ಇಳಿದಷ್ಟು ಹಗುರವೆನಿಸುತ್ತದೆ; ಐದನೆಯ ಗೇರಿನಲ್ಲಿ ಆ ಲಾಭವು ಮೂರು ಕಿಲೋ ಜೋಳದ ಹಿಟ್ಟಿನ ಚೀಲವೊಂದನ್ನು ಕೆಳಗಿಳಿಸಿದಷ್ಟೇ. ಜನರು ಪಿಕಪ್ ಎಂದು ಕರೆಯುವ ಆ ಚುರುಕು ಕೆಳಗಿನ ಗೇರುಗಳಲ್ಲಿ ಎದ್ದು ಕಾಣುವುದಕ್ಕೂ, ಹೆದ್ದಾರಿಯಲ್ಲಿ ಬಳಸುವ ಮೇಲಿನ ಗೇರುಗಳಲ್ಲಿ ಕರಗಿಹೋಗುವುದಕ್ಕೂ ಇದೇ ಕಾರಣ.

ಟರ್ಬೊ ಇರುವ ಎಂಜಿನ್ನಿನಲ್ಲಿ ಈ ವಿಚಾರವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಗಾಳಿಚಕ್ರವನ್ನು ತಿರುಗಿಸಿ, ಅದರ ಜೊತೆಗಿರುವ ಮತ್ತೊಂದು ಚಕ್ರದಿಂದ ಎಂಜಿನ್ನಿನೊಳಗೆ ಹೆಚ್ಚು ಗಾಳಿಯನ್ನು ತುರುಕುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಟರ್ಬೊದ ಚಕ್ರವು ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗುತ್ತದೆಯಾದರೂ ಹೊಗೆಯ ಹರಿವು ತುಂಬಿ ಬರುವ ತನಕ ಅದಕ್ಕೆ ಕಸುವಿಲ್ಲ. ಆ ಗಾಳಿಯ ಒತ್ತಡಕ್ಕೆ ಬೂಸ್ಟ್ ಎಂದೂ, ಅದು ಬರುವವರೆಗಿನ ಕಾಯುವಿಕೆಗೆ ಲ್ಯಾಗ್ ಎಂದೂ ಹೆಸರು. 2020ರವರೆಗೆ ಮಾರುತಿ ಸ್ವಿಫ್ಟಿನಲ್ಲಿ ಬರುತ್ತಿದ್ದ, ಈಗಲೂ ಈ ಭಾಗದ ರಸ್ತೆಗಳಲ್ಲಿ ಓಡಾಡುವ, 1,248 ಸಿಸಿಯ ಡೀಸೆಲ್ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ 190 ನ್ಯೂಟನ್ ಮೀಟರ್ ಗರಿಷ್ಠ ತಿರುಚುಬಲ ದೊರೆಯುವುದು 2,000 ಸುತ್ತಿನಲ್ಲಿ; ಅದಕ್ಕಿಂತ ಸಾಕಷ್ಟು ಕೆಳಗೆ ಅದು ಒಂದೂಕಾಲು ಲೀಟರಿನ ಸಣ್ಣ ಎಂಜಿನ್ನು ಮಾತ್ರ. ಬೂಸ್ಟ್ ಬರುವ ಮುನ್ನ ಬಡವನಾಗಿಯೂ ಬಂದ ಮೇಲೆ ಸಿರಿವಂತನಾಗಿಯೂ ಬಾಳುವ ಇಂಥ ಎಂಜಿನ್ನಿಗೆ ಹೊರಡುವ ಹೊತ್ತಿನಲ್ಲಿ ಕಣಜದ ಕಾಳೇ ಆಧಾರ, ಆದುದರಿಂದ ಟರ್ಬೊ ಇಲ್ಲದ ದೊಡ್ಡ ಎಂಜಿನ್ನು ಸಹಿಸಿಕೊಳ್ಳುವಷ್ಟು ಹಗುರತನವನ್ನು ಅದು ಸಹಿಸಲಾರದು.

ಗೇರ್ ಬದಲಿಸುವ ಅರೆಗಳಿಗೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಎರಡನೆಯ ಗೇರಿನಲ್ಲಿ 3,000 ಸುತ್ತಿಗೆ ಏರಿದ ಎಂಜಿನ್ನು ಮೂರನೆಯ ಗೇರಿಗೆ ಹೊಂದಿಕೊಳ್ಳಲು ಸುಮಾರು 1,950ಕ್ಕೆ ಇಳಿಯಬೇಕೆಂದಿಟ್ಟುಕೊಂಡರೆ, ಭಾರದ ಫ್ಲೈವೀಲು ನಿಧಾನವಾಗಿ ಇಳಿಯುವುದರಿಂದ ಸಾವಧಾನದ ಕೈಗೆ ಸರಿಹೊಂದುತ್ತದೆ, ಹಗುರದ್ದು ಥಟ್ಟನೆ ಇಳಿಯುವುದರಿಂದ ಚುರುಕಿನ ಕೈಗೆ ಸರಿಹೊಂದುತ್ತದೆ. ಹಗುರದ ಫ್ಲೈವೀಲನ್ನು ಸಾವಧಾನದ ಕೈ ಹಿಡಿದರೆ ಕ್ಲಚ್ ಬಿಡುವಷ್ಟರಲ್ಲಿ ಎಂಜಿನ್ನು 1,400ಕ್ಕೆ ಕುಸಿದು, ಗಾಡಿ ಒಮ್ಮೆ ಮುಗ್ಗರಿಸಿ, ಟರ್ಬೊ ಮತ್ತೆ ಮೊದಲಿನಿಂದ ಉಸಿರು ತುಂಬಿಕೊಳ್ಳಬೇಕಾಗುತ್ತದೆ. ಹೀಗೆ ಫ್ಲೈವೀಲಿನ ತೂಕವು ಎಂಜಿನ್ನಿಗೆ ಹೊಂದಿದರೆ ಸಾಲದು, ಓಡಿಸುವವರ ಕೈಯ ಗತಿಗೂ ಹೊಂದಬೇಕು. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಕಿರಾಣಾ ಪರಂಪರೆಯಲ್ಲಿ ರಾಗವನ್ನು ಸ್ವರದಿಂದ ಸ್ವರಕ್ಕೆ ಬೆಳೆಸಲು ವಿಲಂಬಿತ ಲಯ ಬೇಕಾಗುವಂತೆ, ಮಿಂಚಿನ ತಾನಗಳಿಗೆ ದ್ರುತ ಲಯ ಬೇಕಾಗುವಂತೆ, ಇಲ್ಲಿಯೂ ಲಯ ಮೇಲುಕೀಳಿನ ವಿಷಯವಾಗದೆ ಔಚಿತ್ಯದ ವಿಷಯವಾಗುತ್ತದೆ.

ಔಚಿತ್ಯವನ್ನು ಕೊನೆಗೆ ತೀರ್ಮಾನಿಸುವುದು ದಾರಿ. ಧಾರವಾಡ ಜಿಲ್ಲೆಯ ದಾರಿಗಳಲ್ಲಿ ಎರಡು ಬೇರೆ ಬೇರೆ ಸೀಮೆಗಳು ಅಕ್ಕಪಕ್ಕದಲ್ಲಿವೆ: ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ನವಲಗುಂದದ ಎರೆಹೊಲಗಳ ಬಯಲನ್ನು ಹಾದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಕಲಘಟಗಿಯ ಮಲೆನಾಡಿನ ಸೆರಗನ್ನು ಹಿಡಿದು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಯನ್ನು ಸೇರುತ್ತದೆ. ಬಯಲಿನಲ್ಲಿ ರಸ್ತೆ ನೇರ, ಆದರೆ ಸುಗ್ಗಿಯ ಕಾಲದಲ್ಲಿ ಹತ್ತಿಯ ಅಂಡಿಗೆಗಳನ್ನು ಆಳೆತ್ತರ ಪೇರಿಸಿದ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ, ಚಕ್ಕಡಿಗಳ ಹಿಂದೆ, ಎರಡನೆಯ ಗೇರಿನಲ್ಲಿ ತೆವಳಿ, ಎದುರಿನ ದಾರಿ ತೆರವಾದ ಗಳಿಗೆಯಲ್ಲಿ ಮುಂದೆ ಹಾಯಬೇಕಾಗುತ್ತದೆ. ಆಗ ಹಗುರ ಫ್ಲೈವೀಲಿನ ಚುರುಕು ನಿಜವಾಗಿ ನೆರವಿಗೆ ಬರುತ್ತದೆ. ಕಲಘಟಗಿಯಿಂದಾಚೆಯ ಘಟ್ಟದ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವಾಗ ಎಂಜಿನ್ನನ್ನು ಒಮ್ಮೆ ರೇಸ್ ಮಾಡಿ ವೇಗ ಹೊಂದಿಸುವುದಕ್ಕೂ ಹಗುರವೇ ಸುಲಭ, ಆದರೆ ಗೇರ್ ಕೂತ ಮೇಲೆ ಗಾಡಿಯನ್ನು ತಡೆದು ಹಿಡಿಯುವ ಎಂಜಿನ್ ಬ್ರೇಕಿನ ಬಲವು ಒಂದೇ ವೇಗದಲ್ಲಿ ಇಳಿಯುವಾಗ ಫ್ಲೈವೀಲಿನ ತೂಕದಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿಗೆ ಇಳಿದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಮುಂಗಾರು ಹಿಡಿದು ಬೆಣ್ಣಿಹಳ್ಳ ಕೆಂಪಾಗಿ ಹರಿಯುವ ದಿನಗಳಲ್ಲಿ ಎರೆಮಣ್ಣು ನೀರು ಕುಡಿದು ಹಿಗ್ಗಿ, ಟೈರಿನ ಗೀರುಗಳನ್ನೆಲ್ಲ ತುಂಬಿಕೊಂಡು, ಮಡ್‌ಗಾರ್ಡಿನ ಒಳಗೆ ಹೆಂಟೆ ಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ; ಅಲ್ಲಿ ಬೇಕಾಗುವುದು ಮೊದಲ ಗೇರಿನಲ್ಲಿ, ಸಾವಿರದ ಆಸುಪಾಸಿನ ಸುತ್ತಿನಲ್ಲಿ, ಚಕ್ರ ಜಾರದಂತೆ ಸಮನಾಗಿ ಒತ್ತುವ ಮಂದ ಬಲ. ಹಗುರ ಫ್ಲೈವೀಲಿನ ಗಾಡಿ ಇಂಥಲ್ಲಿ ಒಂದೋ ಬಂದ್ ಬೀಳುತ್ತದೆ, ಇಲ್ಲವೇ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ಚನ್ನು ಪೂರ್ತಿ ಕೂರಿಸದೆ ಉಜ್ಜಿಸುತ್ತಲೇ, ಓಡಿಸುವ ಅನಿವಾರ್ಯಕ್ಕೆ ದೂಡುತ್ತದೆ. ಆ ಉಜ್ಜಾಟದ ಕಾವನ್ನು ಹೀರಿಕೊಳ್ಳಬೇಕಾದುದೂ ಫ್ಲೈವೀಲೇ ಆದುದರಿಂದ, ಕಬ್ಬಿಣ ಕಡಿಮೆಯಿದ್ದಷ್ಟೂ ಅದು ಬೇಗ ಕಾಯುತ್ತದೆ. ಕಳಚಿ ನೋಡಿದಾಗ ಅದರ ಮುಖದ ಮೇಲೆ ಕಾಣುವ ನವಿಲುಬಣ್ಣದ ನೀಲಿ ಮಚ್ಚೆಗಳು ಆ ಕಾವು ಬರೆದಿಟ್ಟ ಲೆಕ್ಕ.

ತೂಕ ಎಷ್ಟೆಂಬುದರ ಜೊತೆಗೆ ಎಲ್ಲಿಂದ ತೆಗೆದದ್ದು ಎಂಬುದೂ ಮುಖ್ಯ. ತಿರುಗುವ ವಸ್ತುವಿನ ಜಡತ್ವ, ಅಂದರೆ ವೇಗ ಬದಲಾಗದಂತೆ ಅದು ಒಡ್ಡುವ ಹಟ, ದ್ರವ್ಯವು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನು ಅನುಸರಿಸುತ್ತದೆ. ಮೇಲಿನ ಉದಾಹರಣೆಯ ಫ್ಲೈವೀಲಿನ ಅಂಚಿನಲ್ಲಿ, ನಡುವಿನಿಂದ 13 ಸೆಂಟಿಮೀಟರ್ ದೂರದಲ್ಲಿ, ಒಂದು ಕಿಲೋ ತೆಗೆದರೆ ತೂಕ ಎಂಟರಲ್ಲೊಂದು ಪಾಲು ಮಾತ್ರ ಇಳಿದರೂ ಜಡತ್ವವು ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಅದೇ ಒಂದು ಕಿಲೋವನ್ನು 6 ಸೆಂಟಿಮೀಟರ್ ದೂರದಲ್ಲಿ ತೆಗೆದರೆ ಜಡತ್ವದಲ್ಲಿ ಶೇಕಡ 5ರಷ್ಟೂ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ತಕ್ಕಡಿಯ ಅಂಕಿಯನ್ನಷ್ಟೇ ನೋಡಿ ಫ್ಲೈವೀಲು ಕೊಳ್ಳುವುದು, ಮೇಲ್ಮಣ್ಣು ಎರೆಯೋ ಮಸಾರಿಯೋ ಎಂದು ನೋಡದೆ ಎಕರೆಯ ಲೆಕ್ಕದಲ್ಲಿ ಹೊಲ ಕೊಂಡಂತೆ.

ಹೀಗೆ ಕಬ್ಬಿಣ ತೆಗೆಯುವ ಕೆಲಸದ ಸೊಗಸು ಲೇಥಿನ ಮುಂದೆ ಕಣ್ಣಿಗೆ ಕಾಣುತ್ತದೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಲೇಥುಗಳು ನಾಡಿನ ವರ್ಕ್‌ಶಾಪುಗಳಿಗೆ ಈ ಕಸುಬನ್ನು ಪರಿಚಯಿಸಿದವುಗಳಲ್ಲಿ ಸೇರಿವೆ. ಅಂಥದೊಂದು ಯಂತ್ರದ ಚಕ್ಕಿನಲ್ಲಿ ಫ್ಲೈವೀಲನ್ನು ಬಿಗಿದು, ಡಯಲ್ ಗೇಜಿನ ಮುಳ್ಳು ಅಲುಗದಂತೆ ನಡುವನ್ನು ಹೊಂದಿಸಿ, ಟೂಲನ್ನು ಅದರ ಹಿಂಬದಿಯ ಅಂಚಿಗೆ ಮೆಲ್ಲಗೆ ತಾಗಿಸಿದಾಗ ಬೀಡುಕಬ್ಬಿಣವು ಉಕ್ಕಿನಂತೆ ಸುರುಳಿ ಸುರುಳಿಯಾಗಿ ಏಳದೆ ಕಪ್ಪು ರವೆಯಾಗಿ ಉದುರುತ್ತದೆ. ಆ ರವೆಯ ಸ್ವಭಾವವೇ ಒಂದು ಎಚ್ಚರಿಕೆ. ಒತ್ತಿದರೆ ಗಟ್ಟಿಯಾಗಿ ನಿಲ್ಲುವ ಬೀಡು ಎಳೆತಕ್ಕೆ ದುರ್ಬಲ, ಮತ್ತು ತಿರುಗುವ ಗಾಲಿಯ ಪ್ರತಿಯೊಂದು ಕಣವೂ ಹೊರಕ್ಕೆ ಹಾರಲು ಎಳೆಯುತ್ತಿರುತ್ತದೆ. 28 ಸೆಂಟಿಮೀಟರ್ ವ್ಯಾಸದ ಫ್ಲೈವೀಲಿನ ಅಂಚು 5,000 ಸುತ್ತಿನಲ್ಲಿ ಗಂಟೆಗೆ 260 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಓಡಿಸುವವರ ಕಾಲುಗಳಿಗೆ ಸಮೀಪದಲ್ಲಿ, ತಿರುಗುತ್ತಿರುತ್ತದೆ ಎಂಬುದನ್ನು ನೆನೆದರೆ ಕಂಪನಿಯ ಬೀಡಿನ ಫ್ಲೈವೀಲನ್ನು ಮನಬಂದಂತೆ ಸವೆಸಿ ತೆಳುವಾಗಿಸುವುದು ಎಂಥ ಅವಿವೇಕವೆಂದು ತಿಳಿಯುತ್ತದೆ. ಹೆಚ್ಚು ಹಗುರ ಬೇಕೆಂದರೆ ಬಡಿದು ಮಾಡಿದ ಉಕ್ಕಿನ ಗಟ್ಟಿಯಿಂದ ಹೊಸದಾಗಿ ಕಡೆದದ್ದನ್ನು ಕೊಳ್ಳಬೇಕು. ಯಾವುದೇ ಆಗಲಿ, ತಿರುಗಿಸಿ ಪರೀಕ್ಷಿಸುವ ಯಂತ್ರದ ಮೇಲಿಟ್ಟು, ಭಾರ ಹೆಚ್ಚಿದ್ದ ಕಡೆ ಅಂಚಿನಲ್ಲಿ ಚಿಕ್ಕ ಕುಳಿಗಳನ್ನು ಕೊರೆದು, ಸಮತೋಲಕ್ಕೆ ತಂದ ಬಳಿಕವೇ ಜೋಡಿಸಬೇಕು. ಎರಡು ತಟ್ಟೆಗಳ ನಡುವೆ ಕಮಾನಿನಾಕಾರದ ಸ್ಪ್ರಿಂಗುಗಳಿರುವ ಜೋಡಿ ಫ್ಲೈವೀಲು ಕಾರಿನಲ್ಲಿದ್ದರೆ, ಉರಿತದ ಹೊಡೆತಗಳು ಗೇರ್‌ಬಾಕ್ಸನ್ನು ತಲುಪದಂತೆ ನುಂಗಿಕೊಳ್ಳುವುದು ಆ ಸ್ಪ್ರಿಂಗುಗಳ ಕೆಲಸವಾದುದರಿಂದ, ಅದನ್ನು ಕಿತ್ತು ಒಂಟಿ ತಟ್ಟೆಯನ್ನು ಕೂರಿಸಿದವರು ಗೇರ್‌ಬಾಕ್ಸಿನ ಕಟಕಟ ಸದ್ದನ್ನೂ ಅದರ ಹಲ್ಲುಗಳ ಮೇಲೆ ಬೀಳುವ ಪೆಟ್ಟನ್ನೂ ಜೊತೆಗೇ ಬರಮಾಡಿಕೊಂಡಂತೆ.

ಇವೆಲ್ಲವನ್ನೂ ತೂಗಿದಾಗ, ಈ ಸೀಮೆಯಲ್ಲಿ ದಿನನಿತ್ಯ ಓಡುವ, ಮನೆಮಂದಿಯನ್ನು ಜಾತ್ರೆಗೂ ಆಸ್ಪತ್ರೆಗೂ ಕರೆದೊಯ್ಯುವ ಸಣ್ಣ ಟರ್ಬೊ ಕಾರಿಗೆ ಜಡತ್ವದಲ್ಲಿ ಶೇಕಡ 15ರಿಂದ 20ರಷ್ಟು ಇಳಿಕೆ ಸಾಕೆಂಬ ನಿಲುವು ಸಮಂಜಸವಾಗಿ ತೋರುತ್ತದೆ. ಅಷ್ಟರಿಂದ ಟ್ರೇಲರನ್ನು ದಾಟುವಾಗಿನ ಚುರುಕು ಕೈಗೆ ಸಿಗುತ್ತದೆ, ಎರೆಯ ಕೆಸರಿನಲ್ಲಿ ಬೇಕಾದ ತಾಳ್ಮೆಯೂ ಉಳಿಯುತ್ತದೆ. ಹೊಲಕ್ಕೂ ಮನೆಗೂ ನಡುವೆಯೇ ಓಡಾಡುವ, ಹಿಂದೆ ಸಾಮಾನು ಹೇರಿಕೊಳ್ಳುವ ಗಾಡಿಗೆ ಕಂಪನಿ ಕೊಟ್ಟ ತೂಕವನ್ನು ಮುಟ್ಟದಿರುವುದೇ ಸರಿ, ಮತ್ತು ಮುಟ್ಟದಿರುವ ಆ ನಿರ್ಧಾರವೂ ಆಯ್ಕೆಯ ಕಲೆಗೇ ಸೇರಿದ್ದು.

ಫ್ಲೈವೀಲಿನ ತೂಕ ಹೊಂದಿಸುವ ಹವ್ಯಾಸವನ್ನು ಪ್ರೀತಿಸುವವರಿಗೆ ಅದು ಕೊಡುವ ಸುಖ ವೇಗಕ್ಕಿಂತ ಹೆಚ್ಚಾಗಿ ಹೊಂದಿಕೆಯದು. ತೂಕ ಸರಿಯಾಗಿ ಕೂತ ಕಾರಿನಲ್ಲಿ ಅಣ್ಣಿಗೇರಿಯ ದಾರಿಯಲ್ಲಿ ಮೂರನೆಯ ಗೇರಿಗೆ ಬರುವಾಗ ಕ್ಲಚ್ ಬಿಟ್ಟದ್ದೇ ತಿಳಿಯುವುದಿಲ್ಲ. ಎಂಜಿನ್ನಿನ ದನಿ ಇಳಿದ ಮಟ್ಟದಲ್ಲಿಯೇ ಗೇರು ಅದನ್ನು ಎತ್ತಿಕೊಳ್ಳುತ್ತದೆ, ಟರ್ಬೊದ ಸಣ್ಣ ಸಿಳ್ಳೆ ಮತ್ತೆ ಏಳುತ್ತದೆ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗುವಿನ ತಲೆ ಅಲುಗುವುದಿಲ್ಲ. ಬೀಸುಕಲ್ಲಿನ ಗೂಟ ಹಿಡಿದ ಕೈಗೆ ಕಲ್ಲಿನ ಭಾರವೇ ತಿಳಿಯದಂತಾಗುತ್ತಿದ್ದ ಗಳಿಗೆಯೂ ಇಂಥದೇ ಆಗಿತ್ತು.