ಹಳದಿಗೆ ಬೆಂಕಿ, ಕೆಂಪಿಗೆ ಮರುಹುಟ್ಟು

ಮನೆಯಲ್ಲಿ ನಮಗಿರುವುದು ಎರಡು ಬುಟ್ಟಿ, ಒಂದು ಚೀಲ. ಹಸಿ ಕಸ, ಒಣ ಕಸ, ಉಳಿದದ್ದು ಚೀಲಕ್ಕೆ. ಆದರೆ ಬೆಂಗಳೂರಿನ ಗಿರಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್ ಒಂದೇ ಒಂದು ಇಂಜೆಕ್ಷನ್ ಕೊಟ್ಟು ಮುಗಿಸುತ್ತಾರೆ, ಅದರ ಉಳಿಕೆ ಐದು ದಾರಿ ಹಿಡಿಯುತ್ತದೆ. ಕಟರ್ ಕತ್ತರಿಸಿದ ಸೂಜಿ ಬಿಳಿ ಡಬ್ಬಿಗೆ. ಬೋಳಾದ ಸಿರಿಂಜು ಕೆಂಪು ಚೀಲಕ್ಕೆ. ರಕ್ತ ಹತ್ತಿದ ಹತ್ತಿ ಹಳದಿಗೆ. ಔಷಧಿಯ ಗಾಜಿನ ಆಂಪ್ಯೂಲು ನೀಲಿಗೆ. ಸುತ್ತಿ ಬಂದ ಕಾಗದ ಮಾಮೂಲಿ ಒಣ ಕಸಕ್ಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

“ಕೆಂಪಿಂದು ಹಳದಿಗೆ ಬಿದ್ರೆ ಏನಾಗುತ್ತೆ ಸಿಸ್ಟರ್?”

“ಸುಟ್ಟುಹೋಗುತ್ತೆ ಸರ್. ಸುಡಬಾರದು ಅದು.”

ಆ ‘ಸುಡಬಾರದು’ ಎಂಬ ಮಾತೇ ನನ್ನನ್ನು ಈ ಕಸ ಸಾಗುವ ಕನಕಪುರ ರಸ್ತೆಗೆ ಹೊರಡಿಸಿತು.

ನರ್ಸಿಂಗ್ ಹೋಮಿನ ಹಿತ್ತಿಲ ಕಡೆಯ ಕೋಣೆಯಲ್ಲಿ ಚೀಲಗಳ ತೂಕವಾಗುತ್ತದೆ, ಪ್ರತಿಯೊಂದಕ್ಕೂ ಬಾರ್‌ಕೋಡ್ ಅಂಟುತ್ತದೆ. 2016ರ ಮಾರ್ಚ್‌ನಲ್ಲಿ ಬಂದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಕಟ್ಟಳೆ ಇದು. ರಕ್ತ ಹತ್ತಿದ ಹತ್ತಿಯಂಥ ಕಸವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮುಚ್ಚಿದ ಗಾಡಿ ಬಂದು ಒಯ್ಯಬೇಕು, ಗಾಡಿಗೆ ಜಿಪಿಎಸ್ ಇರಬೇಕು. ನಮ್ಮ ಬೀದಿಯ ಕಸದ ಆಟೋ ಹಾಡು ಹಾಕಿಕೊಂಡು ಬಂದರೆ, ಈ ಗಾಡಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ.

ಸ್ಕೂಟರಿನಲ್ಲಿ ಅದರ ಬೆನ್ನು ಹತ್ತುತ್ತೇನೆ. ಕತ್ರಿಗುಪ್ಪೆ, ಬನಶಂಕರಿ, ಸಾರಕ್ಕಿ. ಕ್ಲಿನಿಕ್ ಸಿಕ್ಕಲ್ಲೆಲ್ಲ ಅದು ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ. ಒಂದು ಲ್ಯಾಬಿನ ಮುಂದೆ ಎಳನೀರು ಕುಡಿದು ಮುಗಿಸಿದರೂ ಗಾಡಿ ಕದಲಲಿಲ್ಲ. ಕೋಣನಕುಂಟೆ ಕ್ರಾಸ್ ದಾಟಿ ತಲಘಟ್ಟಪುರ ಕಳೆದ ಮೇಲೆ ಮೆಟ್ರೊ ಕಂಬಗಳು ಹಿಂದೆ ಬೀಳುತ್ತವೆ, ಕಗ್ಗಲೀಪುರದ ಧೂಳು ಮುಖಕ್ಕೆ ಬರುತ್ತದೆ. ಮುಂದೆ ಹಾರೋಹಳ್ಳಿ ಹೋಬಳಿಯ ಗಬ್ಬಾಡಿ ಕಾವಲು. ಬೆಂಗಳೂರಿನ ಆಸ್ಪತ್ರೆಗಳ ಕಸಕ್ಕೆ ಇಲ್ಲೊಂದು ಸಾಮೂಹಿಕ ಸಂಸ್ಕರಣಾ ಘಟಕವಿದೆ. ಅಷ್ಟು ದೂರ ಯಾಕೆ? ಸುತ್ತಲಿನ 75 ಕಿಲೋಮೀಟರ್‌ನೊಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆ ತನ್ನ ಹಿತ್ತಿಲಲ್ಲಿ ಪ್ರತ್ಯೇಕ ಒಲೆ ಹೂಡುವಂತಿಲ್ಲ. ಊರ ತುಂಬ ನೂರಾರು ಸಣ್ಣ ಚಿಮಣಿಗಳ ಬದಲು, ಕಣ್ಣಿಟ್ಟು ಕಾಯಬಹುದಾದ ಒಂದೆರಡು ದೊಡ್ಡ ಚಿಮಣಿ.

ಒಳಗೆ ಬಿಡುವ ಮುನ್ನ ಗೌನು, ಮಾಸ್ಕು, ಗಂಬೂಟು. ಬೂಟು ನನ್ನ ಪಾದಕ್ಕಿಂತ ಉದ್ದ, ಹೆಜ್ಜೆ ಹೆಜ್ಜೆಗೂ ‘ಡಬ್ ಡಬ್’. ಬೆವರು ಕನ್ನಡಕಕ್ಕೆ ಹತ್ತಿ ಅರ್ಧ ಘಟಕ ಮಂಜಿನಲ್ಲೇ ಕಂಡಿತು.

ಮೊದಲು ಆಟೋಕ್ಲೇವ್. ಕೆಂಪು ಚೀಲಗಳು ಉಗಿಯ ಕೋಣೆ ಸೇರುತ್ತವೆ. 121 ಡಿಗ್ರಿ ಶಾಖ, 15 ಪಿಎಸ್‌ಐ ಒತ್ತಡ, 60 ನಿಮಿಷ. ಎಲ್ಲವೂ ಸತ್ತಿತೆಂದು ತಿಳಿಯುವುದು ಹೇಗೆ? ಉತ್ತರ ಕೇಳಿ ಬೆರಗಾದೆ. ಬಿಸಿಗೆ ಜಗ್ಗದ ‘ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್’ ಎಂಬ ಬ್ಯಾಕ್ಟೀರಿಯಾದ ಕನಿಷ್ಠ 10 ಲಕ್ಷ ಬೀಜಕಗಳನ್ನು ಒಂದು ಪುಟ್ಟ ಪಟ್ಟಿಯಲ್ಲೋ ಸೀಸೆಯಲ್ಲೋ ಇಟ್ಟು ಒಳಗೆ ಕಳಿಸುತ್ತಾರೆ. ಅವೂ ಸತ್ತಿದ್ದರೆ ಉಳಿದ ಯಾವ ರೋಗಾಣುವೂ ಬದುಕಿರಲಾರದು. ಅಲ್ಲಿಂದ ಛಿದ್ರಕ, ಅಂದರೆ ಚೂರು ಮಾಡುವ ಯಂತ್ರ. ನಿನ್ನೆ ಯಾರದೋ ತೋಳಿಗೆ ಅಂಟಿಕೊಂಡಿದ್ದ ಡ್ರಿಪ್ ನಳಿಕೆ ಉಗುರಗಲದ ಚೂರಾಗಿ ಉದುರುತ್ತದೆ. ಕೈಯಲ್ಲಿ ಹಿಡಿದು ನೋಡಿದೆ. ಮೊಂಡು ಅಂಚು, ವಾಸನೆಯಿಲ್ಲ. ಇದು ಕಸದ ಹೊಂಡಕ್ಕೆ ಹೋಗುವಂತಿಲ್ಲ, ನೋಂದಾಯಿತ ಮರುಬಳಕೆದಾರರ ಕೈಗೇ ಹೋಗಬೇಕು. ನನಗೆ ಈ ಪ್ರವಾಸದ ಅತಿ ಸುಂದರ ದೃಶ್ಯ ಇದೇ.

ಹಳದಿ ಚೀಲದ್ದು ಬೇರೆ ಹಾದಿ. ದಹನ ಕುಲುಮೆಗೆ ಎರಡು ಕೋಣೆ. ಮೊದಲನೆಯದರಲ್ಲಿ 800 ಡಿಗ್ರಿ ಆಸುಪಾಸು ವಸ್ತು ಉರಿಯುತ್ತದೆ, ಎರಡನೆಯದರಲ್ಲಿ 1050 ಡಿಗ್ರಿಯಲ್ಲಿ ಹೊಗೆಯೇ ಉರಿಯುತ್ತದೆ. ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ತಂಗಬೇಕು. ಚಿಮಣಿ ಕನಿಷ್ಠ 30 ಮೀಟರ್ ಎತ್ತರವಿರಬೇಕು. ಸಿಸ್ಟರ್ ಮಾತಿನ ಒಳಗುಟ್ಟು ಇಲ್ಲಿ ತಿಳಿಯಿತು. ಪಿವಿಸಿ ನಳಿಕೆಗಳಲ್ಲಿ ಕ್ಲೋರಿನ್ ಇದೆ. ಅದು ಬೆಂಕಿಗೆ ಬಿದ್ದರೆ ಡಯಾಕ್ಸಿನ್, ಫ್ಯೂರಾನ್ ಎಂಬ ಕಡುವಿಷಗಳು ಹುಟ್ಟುತ್ತವೆ. ನಿಯಮ ಅವಕ್ಕಿಟ್ಟ ಮಿತಿ ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ. ಗ್ರಾಮಿನ 100 ಕೋಟಿ ಭಾಗದಲ್ಲಿ ಒಂದು ನ್ಯಾನೋಗ್ರಾಂ, ಅದರಲ್ಲೂ ಹತ್ತನೇ ಒಂದಂಶ! ಈ ಲೆಕ್ಕವನ್ನು ಯಂತ್ರವೊಂದೇ ಉಳಿಸಲಾರದು. ಅರ್ಧ ಕೆಲಸ ಗಿರಿನಗರದ ಆ ವಾರ್ಡಿನಲ್ಲೇ ಆಗಿಹೋಗಿರಬೇಕು. ಆ ಸಿಸ್ಟರ್ ಕೈಚಳಕಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಹಳದಿಯನ್ನೂ ಸುಡದಿರಲು ಸಾಧ್ಯವೇ? ಘಟಕದ ಎಂಜಿನಿಯರ್ ಜೊತೆ ಚಹಾ ಕುಡಿಯುತ್ತ ಮಾತು ತಿರುವನಂತಪುರದ ಕಡೆ ಹೊರಳುತ್ತದೆ. ಅಲ್ಲಿನ ಸಿಎಸ್‌ಐಆರ್-ಎನ್‌ಐಐಎಸ್‌ಟಿ ಸಂಸ್ಥೆ ‘ಸೃಜನಂ’ ಎಂಬ ಯಂತ್ರ ಕಟ್ಟಿದೆ. 2025ರ ಫೆಬ್ರುವರಿ 10ರಂದು ದೆಹಲಿಯ ಏಮ್ಸ್‌ನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ರಕ್ತ, ಮೂತ್ರ, ಕಫ, ಲ್ಯಾಬಿನ ಬಿಸಾಡುವ ಸಾಮಾನುಗಳ ನಂಜನ್ನು ಅದು ಬೆಂಕಿಯಿಲ್ಲದೆ ಕಳೆಯುತ್ತದೆ, ದುರ್ವಾಸನೆ ಬದಲು ಪರಿಮಳ ಬಿಡುತ್ತದೆ. ದಿನಕ್ಕೆ 400 ಕಿಲೋ ಸಾಮರ್ಥ್ಯ. ಇಂಥದ್ದು ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಬಂದರೆ ಕನಕಪುರ ರಸ್ತೆಯ ಗಾಡಿಗಳ ಭಾರ ಎಷ್ಟು ಇಳಿದೀತು!

ಹೊರಡುವಾಗ ಎಂಜಿನಿಯರೇ ಕೇಳುತ್ತಾರೆ: “ನಿಮ್ಮನೇಲಿ ಇನ್ಸುಲಿನ್ ತಗೊಳ್ಳೋರು ಇದಾರಾ ಸರ್? ಆ ಸೂಜಿ ಎಲ್ಲಿಗೆ ಹಾಕ್ತೀರಿ?”

ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜುಗಳನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದು ಎಣಿಸಿದ್ದವು. ಬೇರೆಯಾಗಿ ಕೊಡಬೇಕು. “ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಮೇಲೆ ‘ಸೂಜಿ’ ಅಂತ ಬರೆದಿಡಿ. ಕಸ ಎತ್ತೋರ ಕೈ ಉಳಿಯುತ್ತೆ,” ಎಂದರು ಅವರು. ಆ ಬಾಟಲಿಯನ್ನು ಯಾರು ತೆಗೆದುಕೊಳ್ಳುತ್ತೀರಿ ಎಂದು ಗಿರಿನಗರದ ಆಸ್ಪತ್ರೆಗಳನ್ನೂ ವಾರ್ಡ್ ಕಚೇರಿಯನ್ನೂ ನಾಳೆಯಿಂದ ಒಂದೊಂದಾಗಿ ಕೇಳುತ್ತೇನೆ.