ತೇರಿನ ಸಂವೇಗ

ಹೊಳೆನರಸೀಪುರದ ಲಕ್ಷ್ಮೀನರಸಿಂಹಸ್ವಾಮಿಯ ತೇರನ್ನು ಎಳೆದಿರುವವರೆಲ್ಲರೂ ಬಲ್ಲರು: ಹಗ್ಗವನ್ನು ಬಿಟ್ಟೊಡನೆ ತೇರು ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಗಾಲಿಗೆ ಮರದ ತುಂಡನ್ನು ಅಡ್ಡವಿಕ್ಕಬೇಕು. ಈ ಸಲ ಆ ಕೆಲಸಕ್ಕೆ ತಾನೂ ನಿಲ್ಲುವೆನೆಂದು ನಮ್ಮ ಮೊಮ್ಮಗನು ಹಟಹಿಡಿದನು. ಅವನ ತಾಯಿಗೆ ಎರಡು ದಿನ ಅನ್ನವೇ ಸೇರಲಿಲ್ಲ. "ಮನುಷ್ಯನ ನಡಿಗೆಗಿಂತಲೂ ಮೆಲ್ಲಗೆ ಬರುವ ತೇರಿಗೆ ಹೆದರಬೇಕೆ, ತಾತ?" ಎಂಬುದು ಅವನ ವಾದ.

ವಾಚಕರೆ, ಸಂವೇಗವೆಂಬುದು ವೇಗವೊಂದರಿಂದಲೇ ಆಗತಕ್ಕದ್ದಲ್ಲ. ರಾಶಿಯನ್ನು ವೇಗದಿಂದ ಗುಣಿಸಿದರೆ ಬರತಕ್ಕದ್ದು. ನ್ಯೂಟನ್ನನು 1687ರ ತನ್ನ ಗ್ರಂಥದಲ್ಲಿ ಇದನ್ನೇ ಚಲನೆಯ ಪರಿಮಾಣವೆಂದನು. ನಮ್ಮ ವೈಶೇಷಿಕರು ವೇಗವನ್ನು ಸಂಸ್ಕಾರದ ಒಂದು ಭೇದವಾಗಿ ಎಣಿಸಿದ್ದರು. ಆ ವಿಚಾರವೂ ಸೊಗಸಾದುದೇ, ಆದರೆ ಮೊಮ್ಮಗನಿಗೆ ಬೇಕಾದುದು ಲೆಕ್ಕ. ತೇರು 20,000 ಕಿಲೋಗ್ರಾಂ, ಅದರ ವೇಗ ಗಂಟೆಗೆ 1 ಕಿಲೋಮೀಟರ್ ಎಂದಿಟ್ಟುಕೊಳ್ಳಲು ಹೇಳಿದೆವು. ಅವನೂ ಅವನ ಸೈಕಲ್ಲೂ ಸೇರಿ 80 ಕಿಲೋಗ್ರಾಂ. ಅಷ್ಟೇ ಸಂವೇಗಕ್ಕೆ ಅವನು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಹೋಗಬೇಕು! ಹುಡುಗನು ಎರಡು ಸಲ ಗುಣಿಸಿ ನೋಡಿ, ಹಗ್ಗದ ಮುಂತುದಿಯೇ ಸಾಕೆಂದು ಒಪ್ಪಿದನು.

ಇನ್ನು ಆ ಅಡ್ಡಮರದ ಗುಟ್ಟು. ಇಳಿಜಾರಾಗಿ ಕೆತ್ತಿದ ಮರವನ್ನು ಗಾಲಿಯು ತುಸು ಹತ್ತುತ್ತ, ಉಜ್ಜುತ್ತ ನಿಲ್ಲುವುದು. ನಿಲ್ಲಲು ಕಾಲವು ಹೆಚ್ಚಿದಷ್ಟೂ ತಡೆಯುವ ಬಲವು ಕಡಮೆಯಾದರೂ ಸಾಕು. ಸಂವೇಗವು ಮಾಯವಾಗುವುದಿಲ್ಲ, ಮರದ ಮೂಲಕ ಭೂಮಿಗೆ ಸೇರುವುದು. ಪಳಗಿದವರು ಈ ಸೂತ್ರವನ್ನು ಓದಿರಲಾರರು. ಆದರೂ ಮರವನ್ನು ಪಕ್ಕದಿಂದಲೇ ಇಕ್ಕುವರು, ಗಾಲಿಯ ಮುಂದೆ ಮೈಯೊಡ್ಡರು.