ಒಂದು ಸಾಲಿನ ನಿರಾಕರಣೆ

ಶಿರೂರ ಅನಂತಪಾಳದ ಆ ಮನೆಯಲ್ಲಿ ಮೂರು ಭಾಷೆಗಳಿದ್ದವು. ಒಲೆಯ ಮುಂದೆ ಕನ್ನಡ, ಯಜಮಾನ ಗುಮಾಸ್ತನಾಗಿದ್ದ ಅಡತ ಅಂಗಡಿಯಲ್ಲಿ ಮರಾಠಿ, ಟ್ರಂಕಿನ ತಳದಲ್ಲಿ ಮಡಚಿಟ್ಟ ವಿಮಾ ಪಾಲಿಸಿಯಲ್ಲಿ ಇಂಗ್ಲಿಷ್. ಮೊದಲೆರಡಕ್ಕೆ ದಿನವೂ ಕೆಲಸವಿತ್ತು. ಮೂರನೆಯದನ್ನು ಐದು ವರ್ಷ ಯಾರೂ ಬಿಚ್ಚಿ ಓದಿರಲಿಲ್ಲ. ವರ್ಷಕ್ಕೊಮ್ಮೆ ಕಂತು ತುಂಬಿದ ರಸೀದಿಯನ್ನು ಅದರ ಮೇಲಿಡುತ್ತಿದ್ದರು, ಅಷ್ಟೆ.

ಸೋಯಾಬೀನ್ ರಾಶಿಯ ದಿನಗಳಲ್ಲಿ ಮನೆಯೊಡತಿಗೆ ಸೊಂಟನೋವು ಹತ್ತಿತು. ಆ ಸೀಮೆಯಲ್ಲಿ ಸುಗ್ಗಿಯ ಕಾಲದ ಸೊಂಟನೋವನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ಆಕೆಯೂ ಎಣಿಸಲಿಲ್ಲ. ಒಂದು ಬೆಳಿಗ್ಗೆ ಎಡಗಾಲು ಜೋಮುಗಟ್ಟಿ, ನೆಲಕ್ಕೆ ಊರಲು ಬಾರದಾಯಿತು. ಲಾತೂರಿಗೆ ಕರೆದೊಯ್ದರು. ನರದ ಮೇಲೆ ಒತ್ತಡ ಬಿದ್ದಿರಬಹುದೆಂದು ವೈದ್ಯರು ತಕ್ಷಣವೇ ಸೇರಿಸಿಕೊಂಡು ಬೆನ್ನುಹುರಿಯ ಎಂ.ಆರ್.ಐ. ಮಾಡಿಸಲು ಹೇಳಿದರು. ಎರಡು ರಾತ್ರಿ ಆಕೆ ಅಲ್ಲಿದ್ದಳು. ಸಲಾಯಿನ್ ಹಚ್ಚಿದರು, ಚುಚ್ಚುಮದ್ದು ಕೊಟ್ಟರು, ಕಾಲಿನ ಬಲವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯ ಅಗತ್ಯ ಬರಲಿಲ್ಲ. ಕಾಲಿಗೆ ಶಕ್ತಿ ಮರಳಿತು. ಬಿಲ್ಲು ಇಪ್ಪತ್ತಮೂರು ಸಾವಿರ ದಾಟಿತ್ತು. ನಗದುರಹಿತ ಚಿಕಿತ್ಸೆಗೆ ಕಂಪನಿ ಒಪ್ಪದ ಕಾರಣ ಗುಮಾಸ್ತ ತನ್ನ ಸಾವಕಾರನಲ್ಲೇ ಸಾಲ ಎತ್ತಿ ಹಣ ಕಟ್ಟಿದ.

ಆಮೇಲೆ ಕಳಿಸಿದ ಕ್ಲೇಮಿಗೆ ಬಂದ ಉತ್ತರದಲ್ಲಿ ಮುಖ್ಯವಾದದ್ದು ಒಂದೇ ಸಾಲು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು ಅದನ್ನು ಒಂದೊಂದೇ ಶಬ್ದವಾಗಿ ಬಿಡಿಸಿದಳು.

“ಅಪ್ಪಾ, ಅವ್ವನ್ನ ಬರೇ ತಪಾಸಣಿ ಸಲುವಾಗಿ ಸೇರ್ಸಿದ್ರಿ, ಅದಕ್ಕ ರೊಕ್ಕ ಬರಂಗಿಲ್ಲ ಅಂತ ಬರದಾರ.”

“ತಪಾಸಣಿ ಮಾಡ್ದೇ ಔಷಧ ಹ್ಯಾಂಗ ಕೊಡ್ತಾರವ್ವಾ?”

ತಂದೆಯ ಪ್ರಶ್ನೆ ಸರಿಯಾದದ್ದೇ. ಆದರೆ ಕಂಪನಿ ತೋರಿಸಿದ ಷರತ್ತು ಕಟ್ಟುಕಥೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ನಾಲ್ಕನೆಯದು ಇದೇ: ಮುಖ್ಯವಾಗಿ ತಪಾಸಣೆಗೆಂದೇ ಆಸ್ಪತ್ರೆ ಸೇರಿದರೆ ಆ ಖರ್ಚು ಸಿಗದು. ಸದ್ಯದ ರೋಗನಿರ್ಣಯಕ್ಕೂ ಚಿಕಿತ್ಸೆಗೂ ಸಂಬಂಧವಿಲ್ಲದ ಪರೀಕ್ಷೆಗಳ ಖರ್ಚೂ ಸಿಗದು. ವ್ಯಾಜ್ಯವೆಲ್ಲ ‘ಮುಖ್ಯವಾಗಿ’ ಎಂಬ ಒಂದು ಶಬ್ದದ ಮೇಲೆ ನಿಂತಿದೆ. ಈ ಹೆಂಗಸನ್ನು ಸೇರಿಸಿದ್ದು ಕಾಲಿನ ಬಲ ಕುಂದಿದ್ದಕ್ಕೆ. ಆದರೆ ಅವಸರದಲ್ಲಿ ಬರೆದ ಡಿಸ್ಚಾರ್ಜ್ ಕಾರ್ಡಿನಲ್ಲಿ ದಾಖಲಾತಿಯ ಕಾರಣವಾಗಿ ‘ಎಂ.ಆರ್.ಐ. ತಪಾಸಣೆಗಾಗಿ’ ಎಂದಷ್ಟೇ ಇತ್ತು. ಕಂಪನಿ ಓದಿದ್ದು ಆ ಕಾರ್ಡನ್ನು.

ಹೊರರೋಗಿಯಾಗಿ ಮಾಡಿಸಿದ ಸ್ಕ್ಯಾನಿನ ಖರ್ಚನ್ನು ಬಹುಪಾಲು ಪಾಲಿಸಿಗಳು ಕೊಡುವುದಿಲ್ಲವೆಂಬುದು ನಿಜ. ಅದರ ಬೆನ್ನಿಗೇ ಅದೇ ಕಾಯಿಲೆಗೆ ಆಸ್ಪತ್ರೆ ಸೇರಿ ಆ ಕ್ಲೇಮು ಮಂಜೂರಾದರೆ ಮಾತ್ರ, ಸೇರುವ ಮುಂಚಿನ ನಿಗದಿತ ದಿನಗಳೊಳಗಿನ ಪರೀಕ್ಷೆಯ ವೆಚ್ಚವೂ ದೊರೆಯುತ್ತದೆ. ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಆ ಅವಧಿ 30 ದಿನ. ಇದನ್ನರಿಯದೆ ಸ್ಕ್ಯಾನಿನ ರಸೀದಿಯನ್ನು ಬಿಸಾಡಿದವರು ಕಡಿಮೆಯೇನಲ್ಲ.

ಗುಮಾಸ್ತ ರಸೀದಿ ಬಿಸಾಡುವವನಲ್ಲ. ಅಡತಿಯ ಚೀಟಿ ಜೋಪಾನ ಮಾಡಿ ಬದುಕಿದವನು. ಆಸ್ಪತ್ರೆಗೆ ಎರಡು ಸಲ ಅಲೆದು ಕೇಸ್ ಪೇಪರಿನ ಪ್ರತಿ ಪಡೆದ. ಕೊಟ್ಟ ಔಷಧಗಳೂ ದಾದಿಯರು ಬರೆದಿಟ್ಟ ಕಾಲಿನ ಸ್ಥಿತಿಯೂ ಅದರಲ್ಲಿ ಗಂಟೆ ಸಮೇತ ಇದ್ದವು. ಯಾವ ಲಕ್ಷಣಕ್ಕೆ ಸೇರಿಸಿಕೊಂಡೆ, ಮನೆಯಲ್ಲಿಟ್ಟು ಚಿಕಿತ್ಸೆ ಕೊಡುವುದು ಏಕೆ ಸರಿಯಿರಲಿಲ್ಲ ಎಂಬುದನ್ನು ವೈದ್ಯರು ಅರ್ಧ ಪುಟದಲ್ಲಿ ಬರೆದುಕೊಟ್ಟರು. ಎರಡನ್ನೂ ಜೋಡಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದ್ದಾಯಿತು. ನಿರಾಕರಣೆಗೆ ಪಾಲಿಸಿಯ ನಿರ್ದಿಷ್ಟ ಷರತ್ತನ್ನು ತೋರಿಸಬೇಕು, ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸಕೂಡದು ಎಂದು ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆ ಹೇಳುತ್ತದೆ. ಆ ಒಪ್ಪಿಗೆ ಇತ್ತೇ ಎಂಬ ಪ್ರಶ್ನೆಯನ್ನೂ ಪತ್ರದಲ್ಲಿ ಸೇರಿಸಿದ್ದರು.

ಉತ್ತರ ಬರದಿದ್ದರೆ ಮುಂದಿನ ಬಾಗಿಲು ಪುಣೆಯಲ್ಲಿರುವ ವಿಮಾ ಓಂಬುಡ್ಸ್‌ಮನ್. ಕಂಪನಿಗೆ ಬರೆದು ಒಂದು ತಿಂಗಳು ಕಾದ ಮೇಲೆ, ಅಥವಾ ಕಂಪನಿ ಅದನ್ನೂ ತಳ್ಳಿಹಾಕಿದ ಮೇಲೆ, ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕವಿಲ್ಲ. ವಕೀಲರ ಮೂಲಕ ಹೋಗುವಂತಿಲ್ಲ; ಅಲ್ಲಿ ವಿಮೆದಾರನೇ ಮಾತಾಡಬೇಕು. ಕಪ್ಪು ಕೋಟಿಗೆ ಪ್ರವೇಶವಿಲ್ಲದ ಇಂಥ ಕಟ್ಟೆ ಇನ್ನೂ ನಾಲ್ಕಿದ್ದರೆ ಬಡವರಿಗೆ ನಷ್ಟವೇನಿಲ್ಲ. ಅದಲ್ಲದೆ ಗ್ರಾಹಕ ಆಯೋಗವಿದೆ. ಅಲ್ಲಿ ಎರಡು ವರ್ಷದ ಗಡುವು.

ಇವರು ಪುಣೆಯ ತನಕ ಹೋಗಬೇಕಾಗಲಿಲ್ಲ. ಇಪ್ಪತ್ತು ದಿನಗಳ ಮೇಲೆ, ಕೈಗವಸು, ನೋಂದಣಿ ಇತ್ಯಾದಿಗಳ ಬಾಬ್ತು ಕಳೆದು ಉಳಿದ ಹಣ ಬ್ಯಾಂಕಿಗೆ ಬಂತು. ಸಾವಕಾರನ ಬಡ್ಡಿಯನ್ನು ಯಾವ ಪಾಲಿಸಿಯೂ ತುಂಬಿಕೊಡುವುದಿಲ್ಲ. ಅದು ಸೋಯಾಬೀನಿನ ದುಡ್ಡಿನಲ್ಲೇ ತೀರಿತು.

ಪಾಲಿಸಿಯ ಜೊತೆಗೆ ಬರುವ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವುಂಟು. ಅಲ್ಲಿ ಸ್ಥಳೀಯ ಭಾಷೆ ಮರಾಠಿ. ನಿಲಂಗಾ, ಉದಗೀರ ಕಡೆಯವರ ಅಜ್ಜಂದಿರು 1956ರ ತನಕ ಬೀದರ ಜಿಲ್ಲೆಯವರಾಗಿದ್ದರೆಂಬುದು ವಿಮಾ ಕಂಪನಿಗೆ ಗೊತ್ತಿರಬೇಕಾದ ವಿಷಯವಲ್ಲ. ಗುಮಾಸ್ತ ಮರಾಠಿಯ ಪ್ರತಿಯನ್ನೇ ತರಿಸಿದ. ಮಗಳು ಅದನ್ನು ಓದುತ್ತಾ, ತಾಯಿಗೆ ಬೇಕಾದಷ್ಟನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿದಳು.

ಮರುತಪಾಸಣೆಗೆ ಹೋದಾಗ ವೈದ್ಯರು ಕಾಲನ್ನು ಎತ್ತಿಸಿ ನೋಡಿ, ಎಲ್ಲ ಸರಿಯಿದೆ ಎಂದು ಚೀಟಿ ಬರೆಯತೊಡಗಿದರು. ಆಕೆ ಸೆರಗು ಸರಿಮಾಡಿಕೊಂಡು, ಮರಾಠಿಯಲ್ಲಿ, ಮೆಲ್ಲಗೆ ಕೇಳಿದಳು: “ಸಾಹೇಬ, ಮತ್ತೊಮ್ಮೆ ಸೇರಿಸೋ ಹೊತ್ತು ಬಂದರೆ, ಯಾಕೆ ಸೇರಿಸಿಕೊಂಡಿರಿ ಅನ್ನೋದನ್ನ ಮೊದಲು ಬರೆಯಿರಿ.”